ಹಳೆಯ ಟರ್ಮಿನಲ್ ಹೋಟೆಲ್ ಆಗಬೇಕು: ಮೂರು ಪದರದ ಗಾಜು ಸಾಕೇ?

ಪ್ರಶ್ನೆ (ಹಳೆಕಟ್ಟಡ): 1930ರ ದಶಕದ ವಿಮಾನ ನಿಲ್ದಾಣದ ಟರ್ಮಿನಲ್. ಕಾಂಕ್ರೀಟ್ ಕಂಬ-ತೊಲೆ, ಉಕ್ಕಿನ ಚೌಕಟ್ಟಿನಲ್ಲಿ 6 ಮಿ.ಮೀ. ಒಂಟಿ ಗಾಜು. ಪಾರಂಪರಿಕ ಪಟ್ಟಿಯಲ್ಲಿದೆ, ಮುಂಭಾಗ ಮುಟ್ಟುವಂತಿಲ್ಲ. ಪಕ್ಕದ ರನ್‌ವೇ ಈಗಲೂ ಚಾಲ್ತಿಯಲ್ಲಿದೆ. ಒಳಗಡೆಯಿಂದ ಮೂರು ಪದರದ ಗಾಜಿನ ಕಿಟಕಿ ಕೂರಿಸಿದರೆ ಸದ್ದು ನಿಲ್ಲುತ್ತದಾ? ಕೋಣೆಗಳನ್ನು ದೊಡ್ಡ ಹಾಲ್‌ನೊಳಗೇ ಕಟ್ಟಬಹುದಾ? ಬಿಸಿನೀರಿಗೆ ಹೀಟ್ ಪಂಪ್ (ಹೊರಗಾಳಿಯ ಶಾಖ ಹೀರಿ ನೀರು ಕಾಯಿಸುವ ಯಂತ್ರ) ಅಂತಿದೆ, ನಡೆಯುತ್ತದಾ?

ಉತ್ತರ (ಸದ್ದಡಗು): ಮೂರು ಪದರ ಮುಖ್ಯವಾಗಿ ಶಾಖ ತಡೆಯಲು. ಪದರಗಳ ನಡುವೆ 12-16 ಮಿ.ಮೀ. ಅಂತರ ಇದ್ದರೆ ವಿಮಾನದ ದಪ್ಪ ಗುಡುಗು ಒಳಗೆ ಬಂದೇ ಬರುತ್ತದೆ. ಸದ್ದಿಗೆ ಬೇಕಾದದ್ದು ತೂಕ ಮತ್ತು ಅಂತರ. ಹೊರಗಿನ ಗಾಜು ಹಾಗೇ ಇರಲಿ. ಅದರಿಂದ 150-200 ಮಿ.ಮೀ. ಒಳಗೆ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ) ಗಾಜಿನ ಎರಡನೇ ಕಿಟಕಿ ಹಾಕಿ, ನಡುವಿನ ಅಂಚುಗಳಿಗೆ ಸದ್ದು ಹೀರುವ ಪದರ ಮೆತ್ತಿ. ಎರಡೂ ಗಾಜಿನ ದಪ್ಪ ಬೇರೆಬೇರೆ ಇರಲಿ, ಇಲ್ಲವಾದರೆ ಎರಡೂ ಒಂದೇ ಸ್ವರಕ್ಕೆ ಸೋಲುತ್ತವೆ. ಒಂಟಿ 6 ಮಿ.ಮೀ. ಗಾಜು ಸುಮಾರು 31 ಡೆಸಿಬಲ್ ತಡೆದರೆ, ಈ ಜೋಡಣೆ 45ರ ಆಸುಪಾಸಿಗೆ ಹೋಗುತ್ತದೆ.

ಆದರೆ ಒಟ್ಟು ವಿಸ್ತೀರ್ಣದ ಶೇ. 1ರಷ್ಟು ಸಂದು ಉಳಿದರೂ ಎಂಥ ಗಾಜು ಹಾಕಿದರೂ 20 ಡೆಸಿಬಲ್ ದಾಟದು. ಕೋಣೆಗಳ ನಡುವಿನ ಗೋಡೆ ಕಿಟಕಿ ಚೌಕಟ್ಟಿಗೆ ಸೇರುವ ಜಾಗದಲ್ಲೇ ಹೆಚ್ಚಾಗಿ ಎಡವಟ್ಟಾಗೋದು.

ಮಂಜು ಕಟ್ಟದಿರಲು ಚಳಿ ಪ್ರದೇಶದಲ್ಲಿ ಒಳಕಿಟಕಿ ಗಾಳಿಯಾಡದಂತೆ ಬಿಗಿಯಾಗಿರಬೇಕು, ಹೊರಗಿನದು ತುಸು ಉಸಿರಾಡಬೇಕು. ಎಸಿ ಸದಾ ಓಡುವ ಸೆಕೆಯ ಊರಲ್ಲಿ ಲೆಕ್ಕ ತಿರುಗುಮುರುಗು: ಹೊರಗಿನ ತೇವ ಒಳನುಗ್ಗಿ ತಣ್ಣಗಿರುವ ಒಳಗಾಜಿನ ಹೊರಮೈಗೆ ಕೂರುತ್ತದೆ. ಒಳಕಿಟಕಿ ತೆರೆಯುವಂತಿರಲಿ, ಒರೆಸುವವರು ಇನ್ನೆಲ್ಲಿಂದ ಕೈ ಹಾಕಬೇಕು?

ಉತ್ತರ (ಕಂಬತೊಲೆ): ಹಾಲ್‌ನೊಳಗೆ ಕೋಣೆ ಬೇಡ. ನ್ಯೂಯಾರ್ಕ್‌ನ ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ವಾಸ್ತುಶಿಲ್ಪಿ ಎರೊ ಸಾರಿನೆನ್ ವಿನ್ಯಾಸದ, ಟಿಡಬ್ಲ್ಯುಎ ವಿಮಾನ ಸಂಸ್ಥೆಯ 1962ರ ಟರ್ಮಿನಲ್ 2019ರಲ್ಲಿ ಹೋಟೆಲ್ ಆಯಿತು. 512 ಕೋಣೆಗಳೂ ಹಿಂಬದಿಯ ಎರಡು ಹೊಸ ಕಟ್ಟಡಗಳಲ್ಲಿವೆ, ಹಳೆಯದು ಲಾಬಿ. ಅಲ್ಲಿ ಸ್ವಂತ ವಿದ್ಯುತ್ ಘಟಕವೂ ಇದೆ, ಆದರೆ ನೈಸರ್ಗಿಕ ಅನಿಲದ್ದು. ಅದನ್ನು ಇವತ್ತು ನಕಲು ಮಾಡುವ ಅಗತ್ಯ ನನಗೆ ಕಾಣುವುದಿಲ್ಲ.

ಕೋಣೆ ಒಳಗೆ ಬಂದರೆ ಬಚ್ಚಲೂ ಬಂತು. ಶೌಚದ 100 ಮಿ.ಮೀ. ಪೈಪಿಗೆ 80ಕ್ಕೆ 1ರ ಇಳಿಜಾರು ಅಂದರೂ 8 ಮೀಟರಿಗೆ 10 ಸೆಂ.ಮೀ. ಇಳಿಯುತ್ತದೆ, ತೊಲೆ ಅಡ್ಡ ಬರುತ್ತದೆ. ತೊಲೆ ಕೊರೆಯುವ ಮಾತೇ ಬೇಡ.

ಮೊದಲು ಕಲ್ನಾರು (ಆಸ್ಬೆಸ್ಟಾಸ್) ತಪಾಸಣೆ, ಆಮೇಲೆ ಡ್ರಿಲ್. ಕಾಂಕ್ರೀಟ್ ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ: ಗುಲಾಬಿ ಬಂದರೆ ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರ ಉಳಿದಿದೆ. ಬಣ್ಣ ಬಾರದ ಆಳ ಕಬ್ಬಿಣದ ಸರಳನ್ನು ಮುಟ್ಟಿದ್ದರೆ ತುಕ್ಕಿನ ದಾರಿ ತೆರೆದಿದೆ ಅಂತಲೇ. ಆ ದುರಸ್ತಿ ಮುಗಿಯದೆ ಗೋಡೆಗೆ ಒಳಗಿನಿಂದ ಶಾಖನಿರೋಧಕ ಮುಚ್ಚಬೇಡಿ.

ಉತ್ತರ (ಬಿಸಿನೀರು): ಹೀಟ್ ಪಂಪ್ ನಡೆಯುತ್ತದೆ, ಪೈಪ್ ಜೋಡಣೆ ಸರಿಯಿದ್ದರೆ. ಲೀಜಿಯೊನೆಲ್ಲಾ (ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ) ಬೆಳೆಯದಿರಲು ಟ್ಯಾಂಕ್ 60 ಡಿಗ್ರಿ, ಪೈಪುಗಳಲ್ಲಿ ಸುತ್ತಿ ಮರಳುವ ನೀರು 50ಕ್ಕಿಂತ ಕೆಳಗಿಳಿಯಬಾರದು. ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸುವ ಹೀಟ್ ಪಂಪಿಗಾದರೋ ತಣ್ಣೀರೇ ಬೇಕು. ಈ 50 ಡಿಗ್ರಿ ನೀರನ್ನು ಟ್ಯಾಂಕಿನ ತಳಕ್ಕೆ ಬಿಟ್ಟರೆ ಮೇಲೆ ಬಿಸಿ, ಕೆಳಗೆ ತಣ್ಣಗೆ ನಿಂತ ನೀರಿನ ಪದರ ಕದಡಿ ದಕ್ಷತೆ ಕುಸಿಯುತ್ತದೆ. ಮರಳುವ ನೀರಿಗೆ ಬೇರೆಯೇ ಸಣ್ಣ ಹೀಟರ್ ಮತ್ತು ಟ್ಯಾಂಕ್ ಇಡಿ.

ಅಳತೆ ಹೀಗೆ: ನಿಮಿಷಕ್ಕೆ 8 ಲೀಟರ್, 7 ನಿಮಿಷದ ಶವರ್, 40 ಡಿಗ್ರಿಯಲ್ಲಿ 56 ಲೀಟರ್. ತಣ್ಣೀರು 15 ಡಿಗ್ರಿ ಇದ್ದರೆ ಟ್ಯಾಂಕಿನಿಂದ ಹೋಗುವುದು ಸುಮಾರು 31 ಲೀಟರ್. ಬೆಳಿಗ್ಗೆ 150 ಜನ ಅಂದರೆ 4,650 ಲೀಟರ್.

ಹಳೆಕಟ್ಟಡ: ಚಾವಣಿ ಮೇಲೆ ಸೌರಫಲಕ?

ಸದ್ದಡಗು: ಪ್ರತಿಫಲನದ ಅಧ್ಯಯನ ಮೊದಲು. ಪೈಲಟ್‌ಗಾಗಲಿ ಕಂಟ್ರೋಲ್ ಟವರಿಗಾಗಲಿ ಕಣ್ಣು ಕುಕ್ಕಿದರೆ ಅನುಮತಿ ಸಿಗುವುದು ಕಷ್ಟ. ಕಟ್ಟುವಾಗಿನ ಕ್ರೇನ್ ಎತ್ತರಕ್ಕೂ ವಿಮಾನ ನಿಲ್ದಾಣದ ಒಪ್ಪಿಗೆ ಬೇಕು. ಇದನ್ನು ಮರೆತರೆ ಕೆಲಸ ನಿಲ್ಲುತ್ತದೆ. ಹಾಗೇ ಕೋಣೆಗಳಿಗೆ ಗಾಳಿ ಎಳೆಯುವ ಬಾಯಿ ರನ್‌ವೇ ಕಡೆ ಬೇಡ, ವಿಮಾನ ಇಂಧನದ ಸೀಮೆಎಣ್ಣೆ ವಾಸನೆ ಬರುತ್ತದೆ. ಇದ್ದಿಲಿನ ಫಿಲ್ಟರ್ ಹೇಗೂ ಹಾಕಿ.