ಅಕ್ವೇರಿಯಂ ಕ್ಯಾಮೆರಾ ಮನೆ ವೈಫೈನಲ್ಲಿ ಬರುತ್ತೆ, ಹೊರಗಿನಿಂದ ಬರಲ್ಲ. ರಾತ್ರಿ ಗಾಜೆಲ್ಲ ಬಿಳಿ

ಪ್ರಶ್ನೆ – ಸರಸ್ವತಿಪುರಂ, ಮೈಸೂರು
3 ಅಡಿ ತೊಟ್ಟಿ, ಮುಂದೆ 2.8 ಎಂಎಂ ಲೆನ್ಸಿನ ಐಪಿ ಕ್ಯಾಮೆರಾ. ವಿಳಾಸ 192.168.1.64. ಮನೆಯೊಳಗೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿ ಬರುತ್ತೆ. ರೂಟರ್‌ನಲ್ಲಿ 554 ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆಯನ್ನು ಕ್ಯಾಮೆರಾಗೆ ದಾಟಿಸುವ ಸೆಟ್ಟಿಂಗ್) ಮಾಡಿದ್ದರೂ ಮೊಬೈಲ್ ಡೇಟಾದಲ್ಲಿ ಟೈಮ್‌ಔಟ್. ರೂಟರ್ ತೋರಿಸುವ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) 100.72ರಿಂದ ಶುರುವಾಗುತ್ತೆ. ರಾತ್ರಿ ತೊಟ್ಟಿಯ ದೀಪ ಆರಿದರೆ ಚಿತ್ರದ ನಡುವೆ ಬಿಳಿ ಚಕ್ರ ಮಾತ್ರ. ದಸರಾ ರಜೆಗೆ 10 ದಿನ ಮನೆಗೆ ಬೀಗ, ಅಷ್ಟರೊಳಗೆ ಸರಿಯಾಗಬೇಕು.

ಉತ್ತರ – ಮಂಡ್ಯ
ಆ 100.72ರಲ್ಲೇ ಉತ್ತರ ಇದೆ. 100.64ರಿಂದ 100.127ರವರೆಗಿನ ವಿಳಾಸಗಳು ಸಿಜಿನ್ಯಾಟ್‌ಗೆ ಮೀಸಲು. ಅಂದರೆ ಒಂದೇ ಸಾರ್ವಜನಿಕ ಐಪಿಯನ್ನು ಇಂಟರ್ನೆಟ್ ಸೇವೆಯವರು ಹಲವು ಮನೆಗಳಿಗೆ ಹಂಚಿದ್ದಾರೆ. ಹೊರಗಿನಿಂದ ಬಂದ ಕರೆ ಅವರ ಹತ್ತಿರವೇ ನಿಲ್ಲುತ್ತೆ, ನಿಮ್ಮ ರೂಟರ್ ಬಾಗಿಲಿಗೇ ಬರುವುದಿಲ್ಲ. ಎಷ್ಟು ಪೋರ್ಟ್ ತೆರೆದರೂ ಪ್ರಯೋಜನವಿಲ್ಲ. ಆ ಫಾರ್ವರ್ಡ್ ಈಗಲೇ ಅಳಿಸಿ, ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳುವ ಸೌಲಭ್ಯ) ಆಫ್ ಮಾಡಿ, ಕ್ಯಾಮೆರಾದ ಮೂಲ ಪಾಸ್‌ವರ್ಡ್ ಬದಲಿಸಿ.

ದಾರಿ ವಿಪಿಎನ್, ಅಂದರೆ ಹೊರಗಿನ ಫೋನನ್ನು ಮನೆ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ಸಂಪರ್ಕ. ಸದಾ ಆನ್ ಇರುವ ಒಂದು ಯಂತ್ರ ಮನೆಯಲ್ಲಿ ಬೇಕು. ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಅದರಲ್ಲಿ ಟೇಲ್‌ಸ್ಕೇಲ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಸಬ್‌ನೆಟ್ ರೂಟರ್ (ಮನೆಯ ಉಳಿದ ಸಾಧನಗಳಿಗೆ ದಾರಿ ಕೊಡುವ ಯಂತ್ರ) ಆಗಿ 192.168.1.0/24, ಅಂದರೆ ಮನೆಯ ಎಲ್ಲ ವಿಳಾಸಗಳನ್ನು ಕೊಡಿ. ಆಮೇಲೆ ಅಡ್ಮಿನ್ ಪುಟದಲ್ಲಿ ಆ ರೂಟ್‌ಗೆ ಒಪ್ಪಿಗೆ ಕೊಡಬೇಕು. ಇದನ್ನು ಮರೆತರೆ ಪೈ ಸಿಗುತ್ತೆ, ಕ್ಯಾಮೆರಾ ಸಿಗಲ್ಲ. ಫೋನಿನಲ್ಲೂ ಅದೇ ಖಾತೆಯಿಂದ ಲಾಗಿನ್ ಆಗಿ ಹಳೆಯ ವಿಳಾಸವನ್ನೇ ತೆರೆಯಿರಿ. ಕರೆಂಟ್ ಹೋಗಿ ಬಂದರೂ ಕ್ಯಾಮೆರಾದ ವಿಳಾಸ ಬದಲಾಗದಂತೆ ರೂಟರ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಷನ್ ಮಾಡಿಟ್ಟುಕೊಳ್ಳಿ.

ಉತ್ತರ – ಕುವೆಂಪುನಗರ, ಮೈಸೂರು
ಬಿಳಿ ಚಕ್ರ ಕ್ಯಾಮೆರಾದ್ದೇ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ದೀಪ, ಗಾಜಿಗೆ ಬಡಿದು ವಾಪಸ್ ಬರುತ್ತಿದೆ. ಸೆಟ್ಟಿಂಗ್‌ನಲ್ಲಿ ಐಆರ್ ಆಫ್ ಮಾಡಿ. ರಾತ್ರಿಯೂ ನೋಡಬೇಕೆಂದರೆ ತೊಟ್ಟಿಯ ಮೇಲಿನಿಂದ ಕೆಳಮುಖವಾಗಿ ಬೇರೆ ಐಆರ್ ದೀಪ ಇಡಿ. 850 ನ್ಯಾನೋಮೀಟರ್‌ನದ್ದೇ ತನ್ನಿ. 940ರದ್ದು ಬೇಡ, ಆ ಬೆಳಕನ್ನು ನೀರು ಇನ್ನೂ ಜಾಸ್ತಿ ಹೀರುತ್ತೆ. ಬಾಹ್ಯ ದೀಪ ಇದ್ದಾಗ ಕ್ಯಾಮೆರಾವನ್ನು ಕಪ್ಪು-ಬಿಳುಪು ರಾತ್ರಿ ಮೋಡ್‌ಗೆ ಹಾಕಲೇಬೇಕು. ಹಗಲು ಮೋಡ್‌ನಲ್ಲಿ ಕ್ಯಾಮೆರಾದೊಳಗಿನ ಫಿಲ್ಟರ್ ಐಆರ್ ಬೆಳಕನ್ನು ತಡೆಯುತ್ತೆ.

ದೂರ ಸುಮಾರು 45 ಸೆಂ.ಮೀ. ಇರಲಿ, 3 ಅಡಿ ಪೂರ್ತಿ ಹಿಡಿಯುತ್ತೆ. ಕಿಟಕಿಯ ಪ್ರತಿಬಿಂಬ ಬೀಳುತ್ತಿದ್ದರೆ ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಇಳಿಬಿಡಿ. ಹಗಲಲ್ಲಿ ಪಟ್ಟೆ ಓಡುತ್ತಿದ್ದರೆ ಫ್ಲಿಕರ್ ಸೆಟ್ಟಿಂಗ್ 60ರಲ್ಲಿ ಕೂತಿರುತ್ತೆ, ನಮ್ಮ ಕರೆಂಟಿಗೆ 50 ಹರ್ಟ್ಸ್. ಆದರೂ ಹೋಗದಿದ್ದರೆ ಎಲ್‌ಇಡಿಯ ಡಿಮ್ಮರ್ ಕಾರಣ, ಪೂರ್ತಿ ಪ್ರಕಾಶಕ್ಕೆ ಇಟ್ಟು ನೋಡಿ. ರೂಟರ್‌ಗೂ ಕ್ಯಾಮೆರಾಗೂ ನಡುವೆ ತೊಟ್ಟಿ ಬರಬಾರದು. ಅಷ್ಟು ನೀರು 2.4 ಗಿಗಾಹರ್ಟ್ಸ್ ಸಿಗ್ನಲ್ ನುಂಗಿಬಿಡುತ್ತೆ.

ಮರುಪ್ರಶ್ನೆ – ಸರಸ್ವತಿಪುರಂ
ಮೊಬೈಲ್ ಡೇಟಾದಲ್ಲಿ ಬಂತು, ರಾತ್ರಿ ಚಿತ್ರವೂ ಸರಿಹೋಯಿತು. ಆದರೆ ಮಂಡ್ಯದ ನೆಂಟರ ಮನೆ ವೈಫೈನಲ್ಲಿ ಬರಲ್ಲ. ಡೇಟಾ ಕೂಡ ಬೇಗ ಖಾಲಿಯಾಗುತ್ತಿದೆ.

ಉತ್ತರ – ಮಂಡ್ಯ
ನೆಂಟರ ವೈಫೈ ಕೂಡ 192.168.1 ಆಗಿರಬೇಕು. ಆಗ ಫೋನ್ 192.168.1.64 ಅನ್ನು ಅದೇ ಮನೆಯಲ್ಲಿ ಹುಡುಕುತ್ತೆ. ನಿಮ್ಮ ಮನೆಯದನ್ನು 192.168.47ಕ್ಕೆ ಬದಲಿಸಿ, ರಿಸರ್ವೇಷನ್, ಟೇಲ್‌ಸ್ಕೇಲ್ ರೂಟ್ ಎರಡನ್ನೂ ಅದಕ್ಕೆ ತಕ್ಕಂತೆ ತಿದ್ದಿ. ಡೇಟಾ ಉಳಿಸಲು ಸಬ್‌ಸ್ಟ್ರೀಮ್ (ಕ್ಯಾಮೆರಾ ಕೊಡುವ ಕಡಿಮೆ ಗುಣಮಟ್ಟದ ಎರಡನೇ ವಿಡಿಯೊ) ತೆರೆಯಿರಿ. 2 ಎಂಬಿಪಿಎಸ್ ಗಂಟೆಗೆ 900 ಎಂಬಿ ತಿನ್ನುತ್ತೆ, 512 ಕೆಬಿಪಿಎಸ್ ಆದರೆ 230 ಎಂಬಿ.

ಉತ್ತರ – ಕುವೆಂಪುನಗರ
ಫೈಬರ್ ಪೆಟ್ಟಿಗೆ, ರೂಟರ್, ಪೈ, ಕ್ಯಾಮೆರಾ ನಾಲ್ಕೂ ಬ್ಯಾಟರಿ ಬ್ಯಾಕಪ್ ಮೇಲಿರಲಿ. ಒಂದು ಬಿಟ್ಟುಹೋದರೂ ಚಿತ್ರ ಇಲ್ಲ. ತೊಟ್ಟಿಗೆ ಹೋಗುವ ವೈರ್‌ಗಳು ಸಾಕೆಟ್‌ಗಿಂತ ಕೆಳಗೆ ಒಂದು ಬಳುಕು ಇಳಿದು ಮೇಲೇರಲಿ, ಹನಿ ಅಲ್ಲೇ ಉದುರುತ್ತೆ. ಫ್ರೇಮಿನಲ್ಲಿ ಥರ್ಮಾಮೀಟರ್ ಮತ್ತು ಫಿಲ್ಟರಿನ ನೀರು ಬೀಳುವ ಜಾಗ ಎರಡೂ ಕಾಣಬೇಕು. ಅಂಚಿಗೆ ನೇತುಹಾಕುವ ಫಿಲ್ಟರ್ ಆದರೆ, ನೀರಿನ ಮಟ್ಟ ಇಳಿದಿದ್ದಾಗ ಕರೆಂಟ್ ಹೋಗಿ ಬಂದರೆ ಗಾಳಿ ಸಿಕ್ಕಿಕೊಂಡು ಒಣ ಓಡುತ್ತೆ. ಹೊರಡುವ ದಿನ ತೊಟ್ಟಿ ತುಂಬಿಸಿ, ಪಕ್ಕದ ಮನೆಯವರಿಗೆ ಒಂದು ಬೀಗದಕೈ ಕೊಟ್ಟು ಫಿಲ್ಟರ್‌ಗೆ ನೀರು ಸುರಿದು ಶುರುಮಾಡುವುದನ್ನು ತೋರಿಸಿಕೊಡಿ.