ಸಮೀಕರಣ ಸಲೀಸು, ಪ್ರಮೇಯ ಕಷ್ಟ. ಯಾಕೆ?

ಪ್ರಶ್ನೆ: ಮಗಳು ಹತ್ತನೇ ಕ್ಲಾಸು. ವರ್ಗ ಸಮೀಕರಣ ಸರಸರ ಬಿಡಿಸುತ್ತಾಳೆ. ಥೇಲ್ಸ್ ಪ್ರಮೇಯ (ತ್ರಿಭುಜದ ಒಂದು ಬದಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬದಿಗಳನ್ನು ಒಂದೇ ಅನುಪಾತದಲ್ಲಿ ಕತ್ತರಿಸುತ್ತದೆ ಅನ್ನೋದು) ಬಂತೋ, ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ನನಗೆ ಉಲ್ಟಾ ಇತ್ತು!

ಉತ್ತರ 1: ಸಮೀಕರಣದಲ್ಲಿ ಒಂದು ಸಾಲೇ ಮುಂದಿನ ಸಾಲು ತೋರಿಸುತ್ತದೆ. ಪ್ರಮೇಯದಲ್ಲಿ ಚಿತ್ರದಲ್ಲಿ ಇಲ್ಲದ ಗೆರೆ ನಾವೇ ಎಳೆಯಬೇಕು, ಅಲ್ವಾ? ಥೇಲ್ಸ್‌ನಲ್ಲಿ ಸಾಧನೆಗೆ ಬೇಕಾದ ಎರಡು ಲಂಬ ಹೊಳೆಯದಿದ್ದರೆ ಅಲ್ಲೇ ಠಿಕಾಣಿ.

ಉತ್ತರ 2: ಅಪ್ಪ ಬಡಗಿ. ಮೂಲೆಮಟ್ಟ ಹಿಡಿದೇ ಬೆಳೆದೆ, ಕೋನ ಕಣ್ಣಿಗೇ ಕಾಣುತ್ತಿತ್ತು. ಎಕ್ಸ್ ಮಾತ್ರ ಸುಮ್ನೆ ಅಕ್ಷರ. ಕಾಗದ ಕತ್ತರಿಸಿದ ಮೇಲೆ ತಿಳಿಯಿತು. ಎಕ್ಸ್ ವರ್ಗ + 10 ಎಕ್ಸ್ = 39 ತಗೊಳ್ಳಿ. ಎಕ್ಸ್ ಬದಿಯ ಚೌಕ, ಎರಡು ಪಕ್ಕ 5 ಅಗಲದ ಪಟ್ಟಿ. ಮೂಲೆಯಲ್ಲಿ 25ರ ಚೌಕ ಖಾಲಿ. ತುಂಬಿದರೆ 39 + 25 = 64, ಬದಿ 8, ಅದರಲ್ಲಿ ಪಟ್ಟಿಯ 5 ಕಳೆದರೆ ಎಕ್ಸ್ 3. ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಜ್ಮಿ 9ನೇ ಶತಮಾನದಲ್ಲೇ ಹೀಗೆ ಚಿತ್ರ ಬರೆದು ತೋರಿಸಿದ್ದ.

ಪ್ರಶ್ನೆ ಕೇಳಿದವರು: ಕತ್ತರಿ ಹುಡುಕುತ್ತಿದ್ದೇನೆ ಸಾರ್. ಥೇಲ್ಸ್‌ಗೂ ಇಂಥದ್ದು ಇದ್ದರೆ ಹೇಳಿ.