ಅಪ್‌ಡೇಟ್: ನಮ್ಮ ಓಟದ ಗುಂಪು ಈಗ ಮಾತನಾಡುತ್ತಿದೆ

ದಾವಣಗೆರೆಯ ಕುಂದವಾಡ ಕೆರೆಯ ಬಳಿ ಬೆಳಿಗ್ಗೆ ಓಡುವ ನಮ್ಮ ಗುಂಪಿನಲ್ಲಿ ವೇಗ, ದೂರಗಳ ಲೆಕ್ಕ ಬಿಟ್ಟರೆ ಬೇರೆ ಮಾತೇ ಇಲ್ಲವೆಂದೂ, ಎಲ್ಲರೂ ನಗುನಗುತ್ತಾ ಹರಟುವಂತೆ ಮಾಡುವುದು ಹೇಗೆಂದೂ ಕಳೆದ ತಿಂಗಳು ಕೇಳಿದ್ದೆ. ಯಾರೂ ಸೋಲದಂಥ ಚಿಕ್ಕ ಪ್ರಶ್ನೆಯೊಂದನ್ನು ಕೇಳಿರೆಂದು ನಿಮ್ಮಲ್ಲೊಬ್ಬರು ಹೇಳಿದಂತೆ, ಭಾನುವಾರ “ಓಟ ಮುಗಿದ ಮೇಲೆ ಬೆಣ್ಣೆದೋಸೆಯೋ, ಮಂಡಕ್ಕಿ ಮಿರ್ಚಿಯೋ?” ಎಂದು ಕೇಳಿದೆ. ಸದಾ ಗಡಿಯಾರ ನೋಡುತ್ತಲೇ ಓಡುವ ಹಿರಿಯರೊಬ್ಬರು, ಶೂ ಲೇಸ್ ಬಿಗಿಯುತ್ತಾ ಬಗ್ಗಿದ್ದವರು ತಲೆಯೆತ್ತಿ, “ದೋಸೆ ಮೇಲಿನ ಬೆಣ್ಣೆ ಕರಗೋದ್ರೊಳಗೆ ಹೋಟೆಲ್ ಮುಟ್ಟಬೇಕ್ರೀ, ಅದಕ್ಕೇ ಓಡ್ತೀನಿ” ಎಂದರು. ಕೆರೆಯ ಒಂದು ಸುತ್ತು ಮುಗಿದರೂ ನಗು ನಿಲ್ಲಲಿಲ್ಲ. ಉಸಿರುಗಟ್ಟದೆ ಪೂರ್ಣ ವಾಕ್ಯ ಆಡಲು ಸಾಧ್ಯವಾಗುವ ವೇಗವೇ ಹಗುರ ಓಟದ ವೇಗವಾದ್ದರಿಂದ, ಈ ಹರಟೆ ಅಭ್ಯಾಸಕ್ಕೂ ಹಿತವಾಗಿದೆ. ಮುಂದಿನ ಭಾನುವಾರದ ಪ್ರಶ್ನೆಯನ್ನು ಆ ಹಿರಿಯರೇ ಕೇಳಲಿದ್ದಾರೆ.